ದೆಲ್ಲಾ ವಾಲ್ಲೆಯ ಪತ್ರಗಳು: ಕಾನ್‌ಸ್ಟಾಂಟಿನೋಪಲಿನಿಂದ ಮಣೇಲಿನವರೆಗೆ

ಪ್ರವಾಸಕಥನಗಳಲ್ಲಿ ಎರಡು ಬಗೆಯುಂಟು. ಕೆಲವು ಗ್ರಂಥಗಳು ಕಂಡ ನಾಡನ್ನು ತೋರಿಸುವುವು. ಕೆಲವು ನಾಡನ್ನು ಕಂಡವನನ್ನು ತೋರಿಸುವುವು. ಮೊದಲನೆಯದರಿಂದ ವಿಷಯಜ್ಞಾನವು ಲಭಿಸುವುದು. ಎರಡನೆಯದರಿಂದ ಮನುಷ್ಯಸ್ವಭಾವದ ಪರಿಚಯವಾಗುವುದು. ಇವೆರಡೂ ಒಂದೆಡೆ ಸಮಾವೇಶಗೊಂಡ ಗ್ರಂಥಗಳು ವಿರಳ. ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆಯು ಹದಿನೇಳನೆಯ ಶತಮಾನದ ಆದಿಭಾಗದಲ್ಲಿ ತುರ್ಕಿ, ಪಾರಸೀಕ ಮತ್ತು ಭರತಖಂಡಗಳಿಂದ ತನ್ನ ಮಿತ್ರನಿಗೆ ಬರೆದ ಪತ್ರಗಳು ಆ ವಿರಳವರ್ಗಕ್ಕೆ ಸೇರತಕ್ಕವು. ತುಳುನಾಡಿನವರಿಗಂತೂ ಈ ಪತ್ರಗಳು ಅನ್ಯರ ಸೊತ್ತಲ್ಲ. ಉಳ್ಳಾಲದ ಚೌಟರಾಣಿಯನ್ನು ಕಣ್ಣಾರೆ ಕಂಡು, ಮಾತನಾಡಿಸಿ, ಕಂಡುದನ್ನು ಬರೆದಿಟ್ಟ ಪರದೇಶೀಯನು ಇವನೇ. ಆದುದರಿಂದ ಇವನ ಮಾತನ್ನು ಹೇಗೆ ಓದಬೇಕು, ಎಷ್ಟರಮಟ್ಟಿಗೆ ನಂಬಬೇಕು ಎಂಬುದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ಒಂದು ನಾಡು ತನ್ನ ಪೂರ್ವಿಕರನ್ನು ಹೇಗೆ ನೆನೆಯಬೇಕೆಂಬ ಪ್ರಶ್ನೆಯೂ ಹೌದು.

ಈ ಸಾಕ್ಷಿಗೆ ಇಂದು ಬಂದಿರುವ ಗತಿಯನ್ನು ಮೊದಲು ಹೇಳಬೇಕು. ರಾಣಿ ಅಬ್ಬಕ್ಕನ ಕೀರ್ತಿಯು ಈಚಿನ ದಶಕಗಳಲ್ಲಿ ಬಹಳವಾಗಿ ಹಬ್ಬಿರುವುದು. 2003ರಲ್ಲಿ ಅಂಚೆಯ ಇಲಾಖೆಯು ಅವಳ ಹೆಸರಿನಲ್ಲಿ ಚೀಟಿಯನ್ನು ಹೊರಡಿಸಿತು. 2012ರಲ್ಲಿ ಕರಾವಳಿ ರಕ್ಷಣಾಪಡೆಯ ಒಂದು ನೌಕೆಗೆ ಅವಳ ಹೆಸರನ್ನಿಟ್ಟರು. ಬಂಟ್ವಾಳದಲ್ಲಿ ಅವಳ ಹೆಸರಿನ ತುಳು ಅಧ್ಯಯನ ಕೇಂದ್ರವಿರುವುದು. ಉಳ್ಳಾಲದಲ್ಲಿ ಉತ್ಸವವು ನಡೆಯುವುದು. ಇವೆಲ್ಲವೂ ಸಂತೋಷದ ವಿಷಯಗಳೇ ಸರಿ. ಆದರೆ ಇಂಥ ಸಂದರ್ಭಗಳಲ್ಲಿ ದೆಲ್ಲಾ ವಾಲ್ಲೆಯ ಹೆಸರನ್ನು ಎತ್ತುವವರು ಸಾಮಾನ್ಯವಾಗಿ ಅವನ ಹೊಗಳಿಕೆಯ ಒಂದು ಮಾತನ್ನು ಎತ್ತಿಕೊಂಡು, ಅದಕ್ಕೆ ಹೊಂದಿಕೊಂಡೇ ಇರುವ ತೆಗಳಿಕೆಯ ಮಾತನ್ನು ಬಿಟ್ಟುಬಿಡುವರು. ಮತ್ತೆ ಕೆಲವರು, ಅವನು ಬಿಳಿಯ ತೊಗಲಿನ ಗರ್ವಿಯೆಂದು ಆ ತೆಗಳಿಕೆಯೊಂದನ್ನೇ ಹಿಡಿದು ಇಡೀ ಗ್ರಂಥವನ್ನು ದೂರಕ್ಕೆ ತಳ್ಳುವರು. ಹೆಂಗಸಿನ ಅರ್ಧ ಶರೀರವು ಮುದಿಯಾಗಿಯೂ ಉಳಿದರ್ಧವು ಹರೆಯದ್ದಾಗಿಯೂ ಇರಲೆಂದು ಬಯಸುವ ಅರ್ಧಜರತೀಯ ನ್ಯಾಯವೆಂದರೆ ಇದೇ. ಸಾಕ್ಷಿಯನ್ನು ಒಪ್ಪುವುದಾದರೆ ಅವನ ಮಾತನ್ನು ಪೂರ್ತಿಯಾಗಿ ಕೇಳಬೇಕು. ಒಪ್ಪದಿದ್ದರೆ ಅವನ ಹೊಗಳಿಕೆಗೂ ಬೆಲೆಯಿಲ್ಲ.

ಪೂರ್ತಿಯಾಗಿ ಕೇಳುವುದೆಂದರೆ ಮಣೇಲಿನ ಪತ್ರವನ್ನು ಮಾತ್ರ ಓದುವುದಲ್ಲ. ದೆಲ್ಲಾ ವಾಲ್ಲೆಯ ಪ್ರವಾಸವು ಕಾನ್‌ಸ್ಟಾಂಟಿನೋಪಲಿನಲ್ಲಿ ಮೊದಲಾಗುವುದು. ಅಲ್ಲಿ ಅವನ ಕಣ್ಣು ಪಳಗಿದ ರೀತಿಯನ್ನು ತಿಳಿಯದವರಿಗೆ ಇಲ್ಲಿ ಆ ಕಣ್ಣು ಕಂಡುದರ ತಾತ್ಪರ್ಯವಾಗದು. ಈ ದೇಶದ ಓದುಗರಿಗಾದರೋ ಆ ಮೊದಲ ಭಾಗವು ಬಹುಕಾಲ ದೊರೆಯಲೇ ಇಲ್ಲ. ಮೂಲಗ್ರಂಥವು ಇಟಲಿಯ ಭಾಷೆಯಲ್ಲಿ ಮೂರು ಖಂಡಗಳಾಗಿ ಅಚ್ಚಾಯಿತು: ತುರ್ಕಿಯ ಖಂಡವು 1650ರಲ್ಲಿ, ಗ್ರಂಥಕರ್ತನು ಬದುಕಿರುವಾಗಲೇ, ಪಾರಸೀಕದ ಖಂಡವು 1658ರಲ್ಲಿ, ಭಾರತದ ಖಂಡವು 1663ರಲ್ಲಿ. ಅವನು ತೀರಿಕೊಂಡದ್ದು 1652ರಲ್ಲಿ. ಹಾವರ್ಸ್ ಎಂಬವನು ಇಂಗ್ಲಿಷಿಗೆ ತಂದುದು ಈ ಕೊನೆಯ ಖಂಡವನ್ನು ಮಾತ್ರ. ಅದನ್ನೇ ಎಡ್ವರ್ಡ್ ಗ್ರೇ ಎಂಬವನು ಟಿಪ್ಪಣಿಗಳೊಡನೆ 1892ರಲ್ಲಿ ಹಾಕ್ಲೂಯ್ಟ್ ಸಂಘದ ಮೂಲಕ ಪುನಃ ಪ್ರಕಟಿಸಿದನು. ಭಾರತದ ಇತಿಹಾಸಕಾರರು ಕೈಗೆತ್ತಿಕೊಂಡುದು ಇದನ್ನೇ. ಇಪ್ಪತ್ತನೆಯ ಶತಮಾನದ ಕೊನೆಗೆ ಜಾರ್ಜ್ ಬುಲ್ ಎಂಬವನು ಮೂರು ಖಂಡಗಳನ್ನೂ ಸಂಗ್ರಹಿಸಿ ಇಂಗ್ಲಿಷಿನಲ್ಲಿ ಹೊರತಂದನಾದರೂ, ರೂಢಿಯು ಬದಲಾಗಲಿಲ್ಲ. ಕನ್ನಡದಲ್ಲಿ ಎಚ್. ಎಲ್. ನಾಗೇಗೌಡರು 'ಪ್ರವಾಸಿ ಕಂಡ ಇಂಡಿಯಾ' ಎಂಬ ಸಂಪುಟಮಾಲೆಯಿಂದ ಮಹೋಪಕಾರ ಮಾಡಿರುವರು; ಆದರೆ ಹೆಸರೇ ಹೇಳುವಂತೆ ಅದರ ಕ್ಷೇತ್ರವು ಭಾರತವೇ. ಹೀಗಾಗಿ ನಾಟಕದ ಮೂರನೆಯ ಅಂಕದಲ್ಲಿ ಒಳಹೊಕ್ಕ ಪ್ರೇಕ್ಷಕನಂತೆ ಈ ನಾಡಿನ ಓದುಗನು ದೆಲ್ಲಾ ವಾಲ್ಲೆಯನ್ನು ನೋಡುತ್ತ ಬಂದಿರುವನು.

ಮೊದಲನೆಯ ಅಂಕವು ಹೀಗಿದೆ. ಒಲಿದ ಕನ್ಯೆಯು ಬೇರೊಬ್ಬನ ಕೈಹಿಡಿದುದರಿಂದ ಮನನೊಂದ ಈ ಶ್ರೀಮಂತ ತರುಣನು, ನೇಪಲ್ಸ್ ಪಟ್ಟಣದ ವೈದ್ಯನಾದ ಮಾರಿಯೊ ಸ್ಕಿಪಾನೊ ಎಂಬ ಗೆಳೆಯನ ಸಲಹೆಯಂತೆ ತೀರ್ಥಯಾತ್ರೆಯ ಸಂಕಲ್ಪ ಮಾಡಿ, 1614ರ ಜೂನ್ ತಿಂಗಳಲ್ಲಿ ವೆನಿಸಿನಿಂದ ಹಡಗನ್ನೇರಿದನು. ಆಗಸ್ಟಿನಲ್ಲಿ ಕಾನ್‌ಸ್ಟಾಂಟಿನೋಪಲನ್ನು ಸೇರಿ, ಫ್ರಾನ್ಸಿನ ರಾಯಭಾರಿಯ ಆತಿಥ್ಯದಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಅಲ್ಲಿ ನೆಲಸಿ, 1615ರ ಸೆಪ್ಟೆಂಬರಿನಲ್ಲಿ ಈಜಿಪ್ಟಿಗೆ ತೆರಳಿದನು. ಆಗ ಸುಲ್ತಾನ ಒಂದನೆಯ ಅಹಮ್ಮದನ ಆಳಿಕೆ. ಇಂದು ಲೋಕವೆಲ್ಲ ನೀಲಿ ಮಸೀದಿಯೆಂದು ಕರೆಯುವ ಕಟ್ಟಡವು 1609ರಲ್ಲಿ ಆರಂಭವಾಗಿ ಆಗಿನ್ನೂ ಮೇಲೇಳುತ್ತಿದ್ದಿತು. 1930ರಿಂದ ಇಸ್ತಾಂಬುಲ್ ಎಂಬುದೇ ಆ ನಗರದ ಅಧಿಕೃತ ನಾಮ. ಆದರೂ ಅವನ ಪತ್ರಗಳ ಕಾಲವನ್ನು ಅನುಸರಿಸಿ ಇಲ್ಲಿ ಹಳೆಯ ಹೆಸರನ್ನೇ ಬಳಸುವುದು ಯುಕ್ತ.

ಆ ಪತ್ರಗಳ ಮುಖ್ಯವಾದ ಗುಣವು ಕುತೂಹಲ. ಬೈರಾಮ್ ಹಬ್ಬದ ಸಂಭ್ರಮದಲ್ಲಿ ಬೀದಿಬೀದಿಗಳಲ್ಲಿ ಕಟ್ಟಿದ ಉಯ್ಯಾಲೆಗಳನ್ನೂ ತಿರುಗುವ ಮಹಾಚಕ್ರವನ್ನೂ ಕಂಡು, ದೂರ ನಿಂತು ವರ್ಣಿಸುವುದರಲ್ಲಿ ಅವನಿಗೆ ತೃಪ್ತಿಯಿಲ್ಲ. ತಾನೇ ಆ ಚಕ್ರವನ್ನೇರಿ ಕುಳಿತನು. ಮೇಲಕ್ಕೂ ಕೆಳಕ್ಕೂ ವೇಗದಿಂದ ಸುತ್ತುವಾಗ ತನಗಾದ ಹರ್ಷವನ್ನೂ, ಪಕ್ಕದಲ್ಲಿದ್ದ ಗ್ರೀಕನೊಬ್ಬನು ತಡೆಯಲಾರದೆ ಸಾಕುಸಾಕೆಂದು ಕೂಗಿದುದನ್ನೂ ಬಾಲಕನಂತೆ ಬರೆದಿರುವನು. ತುಳುನಾಡಿನ ಜಾತ್ರೆಗಳಲ್ಲಿ ತೊಟ್ಟಿಲನ್ನೇರಿದವರಿಗೆ ಈ ಚಿತ್ರವು ವ್ಯಾಖ್ಯಾನವಿಲ್ಲದೆಯೇ ತಿಳಿಯುವುದು. ಕುಲೀನನೊಬ್ಬನು ರಾಯಭಾರಿಯ ಮನೆಯಿಂದ ಇಳಿದುಬಂದು ಪರಧರ್ಮದವರ ಹಬ್ಬದ ತೊಟ್ಟಿಲಲ್ಲಿ ಕುಳಿತನೆಂಬುದರಲ್ಲಿಯೇ ಅವನ ಸ್ವಭಾವದ ಅರ್ಧವು ಪ್ರಕಟವಾಗಿದೆ.

ಕಾಫಿಯ ವಿಷಯವೂ ಹಾಗೆಯೇ. ಕಪ್ಪಾದ ಆ ಬಿಸಿಯ ಪಾನೀಯವನ್ನು ತುರ್ಕಿಯವರು ಗುಟುಕುಗುಟುಕಾಗಿ ಹೀರುತ್ತ ಹೊತ್ತು ಕಳೆಯುವುದನ್ನು ವಿವರಿಸಿ, ಹೋಮರನ ಕಾವ್ಯದಲ್ಲಿ ಹೆಲೆನಳು ಶೋಕನಿವಾರಣೆಗಾಗಿ ಮದ್ಯದಲ್ಲಿ ಬೆರಸಿದ ನೆಪೆಂಥಿ ಎಂಬ ಔಷಧವು ಇದೇ ಆಗಿರಬಹುದೇ ಎಂದು ಊಹಿಸಿರುವನು. ಊಹೆಯು ನಿರಾಧಾರವಾದುದೇ, ಆದರೆ ಹೊಸ ವಸ್ತುವೊಂದನ್ನು ಕಂಡೊಡನೆ ಅದನ್ನು ತಾನು ಓದಿದ ಪುರಾತನ ಗ್ರಂಥಕ್ಕೆ ಹೊಂದಿಸಿ ನೋಡುವ ಪಂಡಿತಸ್ವಭಾವವು ಯಾವ ದೇಶದಲ್ಲಿಲ್ಲ? ಸಂಸ್ಕೃತದ ಪಂಡಿತರು ಸೋಮಲತೆಯು ಯಾವುದೆಂದು ಕಾಡುಮೇಡುಗಳಲ್ಲಿ ಅರಸಿದುದೂ ಇದೇ ಜಾತಿಯ ವ್ಯಾಪಾರವಷ್ಟೆ. ನೆರಿಯದ ಬುಡದಿಂದ ಚಾರ್ಮಾಡಿಯ ಘಟ್ಟವನ್ನೇರಿದವರಿಗೆ ಮೇಲ್ಗಡೆಯಲ್ಲಿ ಎದುರಾಗುವುದು ಕಾಫಿಯ ತೋಟಗಳೇ. ಅಲ್ಲಿಯ ಜನರು ಇಂದು ನಿತ್ಯವೂ ಸೇವಿಸುವುದನ್ನು ನಾಲ್ಕು ಶತಮಾನಗಳ ಹಿಂದೆ ಒಬ್ಬ ರೋಮನನು ವಿಸ್ಮಯದಿಂದ ಕಂಡು, ಊರಿಗೆ ಒಯ್ಯಲು ಹವಣಿಸಿದನೆಂಬುದು ವಿನೋದಕರವಾಗಿದೆ.

ಮೂರನೆಯ ಸಾಹಸವು ಗ್ರಂಥಾನ್ವೇಷಣೆಯದು. ರೋಮಿನ ಇತಿಹಾಸಕಾರನಾದ ಲಿವಿಯು ಬರೆದ 142 ಪುಸ್ತಕಗಳಲ್ಲಿ ಇಂದಿಗೆ ಉಳಿದಿರುವುವು 35 ಮಾತ್ರ. ಕಳೆದುಹೋದ ಭಾಗಗಳೆಲ್ಲವೂ ಸುಲ್ತಾನನ ಅಂತಃಪುರದ ಗ್ರಂಥಭಂಡಾರದಲ್ಲಿರುವುವೆಂಬ ವದಂತಿಯು ಆಗ ಯುರೋಪಿನಲ್ಲಿ ಹರಡಿದ್ದಿತು. ದೆಲ್ಲಾ ವಾಲ್ಲೆಯು ಆ ವದಂತಿಯ ಬೆನ್ನುಹತ್ತಿದನು, ಗ್ರಂಥವು ಸಿಕ್ಕಲಿಲ್ಲ. ಆದರೂ ಅವನು ಎದೆಗೆಡದೆ ಮುಂದೆ 1616ರಲ್ಲಿ ದಮಾಸ್ಕಸಿನಲ್ಲಿ ಸಮಾರಿಯದವರ ಧರ್ಮಗ್ರಂಥದ ಹಸ್ತಪ್ರತಿಯನ್ನು ಸಂಪಾದಿಸಿದನು. ಅದರಿಂದ ಯುರೋಪಿನ ವಿದ್ವಾಂಸರಿಗೆ ಹೊಸದೊಂದು ಶಾಸ್ತ್ರದ ಬಾಗಿಲೇ ತೆರೆಯಿತು. ಈ ಪ್ರಸಂಗವನ್ನು ಓದುವಾಗ ತುಳುನಾಡಿನವರಿಗೆ ಒಂದು ಖೇದವಾಗದಿರದು. ಸುಲ್ತಾನನ ಭಂಡಾರದಲ್ಲಿ ಇಲ್ಲದ ಪುಸ್ತಕವನ್ನು ಹುಡುಕಿದ ಇವನು, ಎಂಟು ವರ್ಷಗಳ ಬಳಿಕ ಮೂಡಬಿದಿರೆಯಿಂದ ಒಂದು ಹಗಲಿನ ನಡಿಗೆಗೆ ಮೀರದ ದೂರದವರೆಗೆ ಬಂದು ಹಿಂದಿರುಗಿದನು. ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಆ ಹೊತ್ತಿಗಾಗಲೇ ಶತಮಾನಗಳಿಂದ ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳು ಭದ್ರವಾಗಿದ್ದುವು. ಅವುಗಳ ನಕಲು ತೆಗೆಯುವ ಕಾರ್ಯವು 1896ರಲ್ಲಿ ಆರಂಭವಾಗಿ, ಷಟ್‌ಖಂಡಾಗಮದ ಮೊದಲ ಸಂಪುಟವು ಧವಲಾ ಟೀಕೆಯೊಡನೆ ಅಚ್ಚಾದುದು 1939ರಲ್ಲಿ. ಕಳೆದುಹೋದ ಗ್ರಂಥವೆಂದರೆ ಪ್ರಾಣಬಿಡುವವನೊಬ್ಬನು ಕಳೆದುಹೋಗದೆ ಉಳಿದ ಗ್ರಂಥಗಳ ಬಾಗಿಲಿಗೆ ಬಂದೂ ಬಾರದೆ ಹೋದನು. 1604ರಲ್ಲಿ ತಿಮ್ಮಣ್ಣ ಅಜಿಲನು ವೇಣೂರಿನಲ್ಲಿ ನಿಲ್ಲಿಸಿದ ಗೊಮ್ಮಟನಿಗೆ ಆಗ ಹತ್ತೊಂಬತ್ತೇ ವರ್ಷ. ಅವನನ್ನೂ ಇವನು ನೋಡಲಿಲ್ಲ. ಪ್ರವಾಸಿಯ ಬರಹದಲ್ಲಿ ಇರುವುದನ್ನು ಮಾತ್ರವಲ್ಲ, ಇಲ್ಲದುದನ್ನೂ ಎಣಿಸಬೇಕೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವಿಲ್ಲ.

ಕಾನ್‌ಸ್ಟಾಂಟಿನೋಪಲಿನ ವರ್ಣನೆಯಲ್ಲಿ ಅವನ ದೃಷ್ಟಿಯ ಒಂದು ಕ್ರಮವು ಎದ್ದು ಕಾಣುವುದು. ಸಮುದ್ರದಿಂದ ನೋಡುವಾಗ ಬೆಟ್ಟಗಳ ಮೇಲೆ ಮೆಟ್ಟಿಲುಮೆಟ್ಟಿಲಾಗಿ ಏರಿದ ಮನೆಗಳು, ನಡುನಡುವೆ ಸೂಚಿಪರ್ಣವೃಕ್ಷಗಳ ಹಸುರು, ಇವೆಲ್ಲದರ ಮೇಲೆ ಮಸೀದಿಗಳ ಗುಮ್ಮಟಗಳು: ಇದಕ್ಕೆ ಸಮಾನವಾದ ನೋಟವಿಲ್ಲವೆಂಬ ಭಾವ. ಒಳಹೊಕ್ಕು ನೋಡಿದರೆ ಇಕ್ಕಟ್ಟಾದ ಓಣಿಗಳು, ಮರದ ಮತ್ತು ಮಣ್ಣಿನ ಸಾಮಾನ್ಯ ಗೃಹಗಳು. ಹೊರಗಿನ ಚೆಲುವನ್ನು ಕಂಡು ಅವನು ಒಳಗಣ ಕೊರತೆಯನ್ನು ಮುಚ್ಚಲಿಲ್ಲ. ಒಳಗಣ ಕೊರತೆಯನ್ನು ಕಂಡು ಹೊರಗಿನ ಚೆಲುವನ್ನು ಸುಳ್ಳೆನ್ನಲೂ ಇಲ್ಲ. ಎರಡನ್ನೂ ಕಂಡ ಕ್ರಮದಲ್ಲಿಯೇ ಬರೆದಿಟ್ಟನು. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಸ್ವಭಾವೋಕ್ತಿಯೇ ಅವನ ಅಲಂಕಾರ. ಈ ಕ್ರಮವನ್ನು ನೆನಪಿನಲ್ಲಿಟ್ಟುಕೊಂಡು ಮಣೇಲಿಗೆ ಬರಬೇಕು.

ನಡುವಣ ಒಂಬತ್ತು ವರ್ಷಗಳ ಕಥೆಯನ್ನು ಸಂಕ್ಷೇಪಿಸಬಹುದು. 1616ರಲ್ಲಿ ಅವನು ಬಾಗ್ದಾದಿನಲ್ಲಿ ಮಾಆನಿ ಎಂಬ ಕನ್ಯೆಯನ್ನು ವಿವಾಹವಾದನು. ಪಾರಸೀಕದ ಮಿನಾಬ್ ಎಂಬಲ್ಲಿ 1621ರ ಕೊನೆಗೆ ಆಕೆ ಜ್ವರದಿಂದ ಮಡಿದಳು. ಪತಿಯು ಆಕೆಯ ದೇಹಕ್ಕೆ ಔಷಧಿಗಳ ಲೇಪನಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಸರಕೆಂಬಂತೆ ಮರೆಮಾಡಿ ಭಾರತಕ್ಕೂ ಒಯ್ದನು. ಕೊನೆಗೆ 1627ರಲ್ಲಿ ರೋಮಿನ ತನ್ನ ಮನೆತನದ ಸಮಾಧಿಯಲ್ಲಿ ನಿಕ್ಷೇಪಿಸಿದನು. 1623ರಲ್ಲಿ ಸೂರತ್ತಿಗೆ ಬಂದು, ಗೋವೆಗೆ ಸಾಗಿ, ಅಲ್ಲಿಂದ ಕೆಳದಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಬಂದನು.

ಈ ದಾರಿಯಲ್ಲಿ ಎರಡು ಪ್ರಸಂಗಗಳು ಸಹೃದಯರ ಗಮನಕ್ಕೆ ಅರ್ಹವಾಗಿವೆ. ಮೊದಲನೆಯದು ಘಟ್ಟದ ಒಂದು ಗುಡಿಯ ಜಗಲಿಯಲ್ಲಿ ಕಂಡ ನಾಲ್ವರು ಬಾಲಕರದು. ಅವರು ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿ, ಒಬ್ಬನು ರಾಗವಾಗಿ ಲೆಕ್ಕದ ಪಾಠವನ್ನು ಹೇಳುತ್ತ ಬೆರಳಿಂದ ಬರೆಯುವನು. ಉಳಿದವರು ಹಾಗೆಯೇ ಹೇಳುತ್ತ ಬರೆಯುವರು. ಜಗಲಿಯು ತುಂಬಿದರೆ ಅಳಿಸಿ ಮತ್ತೆ ಮರಳನ್ನು ಹರಡುವರು. ಗುರುವಿಲ್ಲದೆ ಕಲಿಯುವಾಗ ಮರೆತರೆ ತಿದ್ದುವವರಾರೆಂದು ಇವನು ಕೇಳಿದಾಗ, ನಾಲ್ವರೂ ಒಂದೇ ಭಾಗವನ್ನು ಒಟ್ಟಿಗೆ ಮರೆಯುವುದು ಅಸಾಧ್ಯವೆಂದು ಅವರು ಉತ್ತರಕೊಟ್ಟರು. ವೇದಪಾಠಶಾಲೆಗಳಲ್ಲಿ ಸಹಸ್ರಾರು ವರ್ಷಗಳಿಂದ ಸಂತೆಯ ಕ್ರಮವು ನಿಂತಿರುವುದು ಈ ತತ್ತ್ವದ ಮೇಲೆಯೇ. ಆದರೆ ಅದನ್ನು ಹೀಗೆ ಒಂದು ವಾಕ್ಯದಲ್ಲಿ ಹೇಳಿದವರು ವಿರಳ. ಪರದೇಶದ ಪಂಡಿತನು ಆ ಉತ್ತರದ ಮಹತ್ತ್ವವನ್ನು ಅರಿತು, ಈ ಪದ್ಧತಿಯನ್ನು ಸುಲಭವೆಂದೂ ನಿಶ್ಚಿತವೆಂದೂ ಮೆಚ್ಚಿದನು. ಹುಡುಗರನ್ನು ಪ್ರಶ್ನಿಸಿ ಅವರ ಉತ್ತರವನ್ನು ಗೌರವದಿಂದ ಬರೆದುಕೊಂಡವನು ಗರ್ವಿಯೆಂಬ ಒಂದೇ ಪದದಲ್ಲಿ ಮುಗಿಯತಕ್ಕವನಲ್ಲ.

ಎರಡನೆಯದು ಇಕ್ಕೇರಿಯ ವಿಧವೆಯದು. ಇಟಲಿಯ ಅಕ್ಷರಗಳಲ್ಲಿ ಅವನು ಬರೆದ ಹೆಸರನ್ನು ಆ ಭಾಷೆಯ ಉಚ್ಚಾರಣೆಯಂತೆ ಓದಿದರೆ ಜಕ್ಕಮ್ಮ ಎಂದು ತಿಳಿಯುವುದು. ಅವಳು ಸಹಗಮನಕ್ಕೆ ನಿಶ್ಚಯಿಸಿ ಮೆರವಣಿಗೆಯಲ್ಲಿ ಹೋಗುವುದನ್ನು ಕಂಡು, ಇವನು ಅವಳ ಮನೆಗೇ ಹೋಗಿ ಮಾತನಾಡಿ, ಆ ಸಂಕಲ್ಪವನ್ನು ಬಿಡಿಸಲು ಪ್ರಯತ್ನಿಸಿದನು. ಅವಳು ಕೇಳಲಿಲ್ಲ. ಅವಳ ಹೆಸರು ಲೋಕದಲ್ಲಿ ಉಳಿಯುವಂತೆ ಮಾಡುವೆನೆಂದು ಮಾತುಕೊಟ್ಟು ಹಿಂದಿರುಗಿದನು. ಆ ಮಾತನ್ನು ಉಳಿಸಿಕೊಂಡನು. ಮೃತಳಾದ ಪತ್ನಿಯನ್ನು ಮಣ್ಣಿಗೆ ಕೊಡಲಾರದೆ ದೇಶದಿಂದ ದೇಶಕ್ಕೆ ಒಯ್ಯುತ್ತಿದ್ದ ಪುರುಷನು, ಮೃತನಾದ ಪತಿಯನ್ನು ಅಗಲಲಾರದೆ ಬೆಂಕಿಗೆ ಬೀಳಹೊರಟ ಸ್ತ್ರೀಗೆ ಬದುಕೆಂದು ಹೇಳಿದನು. ಇವೆರಡನ್ನು ಸೇರಿಸಿ ಅವನು ಎಲ್ಲಿಯೂ ಉಪನ್ಯಾಸ ಮಾಡಲಿಲ್ಲ. ಪಾರಸೀಕದ ಖಂಡವನ್ನು ಓದದವರಿಗೆ ಈ ಪ್ರಸಂಗವು ಕುತೂಹಲವಾಗಿ ಮಾತ್ರ ತೋರುವುದು. ಓದಿದವರಿಗೆ ಇದು ಕರುಣರಸದ ಪರಾಕಾಷ್ಠೆ.

ಈಗ ತುಳುನಾಡಿನ ಪತ್ರಕ್ಕೆ ಬರಬಹುದು. ಘಟ್ಟವನ್ನಿಳಿದು 1623ರ ದಶಂಬರದಲ್ಲಿ ಮಂಗಳೂರಿಗೆ ಬಂದ ದೆಲ್ಲಾ ವಾಲ್ಲೆಯು ಕದ್ರಿಯ ಜೋಗಿಗಳ ಅರಸನನ್ನು ಕಂಡನು. ಕಿವಿಯಲ್ಲಿ ಚಿನ್ನದ ಮಣಿಗಳನ್ನೂ ತಲೆಯಲ್ಲಿ ಕೆಂಪು ಕುಲಾವಿಯನ್ನೂ ಧರಿಸಿದ ಆ ವೃದ್ಧನ ಚಿತ್ರವನ್ನು ಬರೆದನು. ಬಂಗರಸನಿಗೂ ಉಳ್ಳಾಲದ ರಾಣಿಗೂ ನಡೆದ ದಾಂಪತ್ಯವಿಚ್ಛೇದವನ್ನೂ ಅದರಿಂದ ಹುಟ್ಟಿದ ಯುದ್ಧವನ್ನೂ ಬರೆದನು. ಆ ಬಂಗರಸರ ಮೂಲಸ್ಥಾನವು ಬೆಳ್ತಂಗಡಿ ತಾಲೂಕಿನ ಬಂಗಾಡಿ. ರಾಣಿಯು ಮೂಡಬಿದಿರೆಯ ಚೌಟರ ಮನೆತನದವಳು. ನವನಾರೀಕುಂಜರವನ್ನು ಕೊರೆದ ಕಂಬಗಳುಳ್ಳ ಆ ಅರಮನೆಯು ಮೂಡಬಿದಿರೆಯಲ್ಲಿ ಇಂದಿಗೂ ಇದೆ. ಹೀಗೆ ಕಡಲ ತಡಿಯಲ್ಲಿ ಅವನು ಕೇಳಿದ ಕಥೆಯ ಬೇರುಗಳು ಒಳನಾಡಿನವು.

ರಾಣಿಯನ್ನು ಅವನು ಕಂಡುದು ಅರಮನೆಯಲ್ಲಲ್ಲ, ಮಣೇಲಿನ ದಾರಿಯಲ್ಲಿ. ಅವಳು ಗದ್ದೆಗಳಲ್ಲಿ ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಕಾಲುನಡಿಗೆಯಲ್ಲಿ ಹೋಗುತ್ತಿದ್ದಳು. ಬರಿಗಾಲು, ಸೊಂಟಕ್ಕೆ ಸುತ್ತಿದ ಬಟ್ಟೆ, ಮೇಲೊಂದು ವಸ್ತ್ರ, ತಲೆಯ ಮೇಲೆ ಓಲೆಯ ಕೊಡೆ. ವಯಸ್ಸು ಸುಮಾರು ನಲವತ್ತು. ಮೈಬಣ್ಣವನ್ನು ಇವನು ಇಥಿಯೋಪಿಯದವರ ಬಣ್ಣಕ್ಕೆ ಹೋಲಿಸಿರುವನು. ನೋಟಕ್ಕೆ ರಾಣಿಗಿಂತಲೂ ಅಡಿಗೆಯ ಮನೆಯ ಆಳನ್ನೋ ಅಗಸಗಿತ್ತಿಯನ್ನೋ ಹೋಲುವಳೆಂದು ಬರೆದಿರುವನು. ಇಂಥವಳಿಂದಲೇ ಸ್ಪೇನಿನ ದೊರೆಯ ಸೈನ್ಯಗಳು ಸೋತುವೇ ಎಂದು ಮನಸ್ಸಿನಲ್ಲಿ ಅಚ್ಚರಿಪಟ್ಟನು. ಉತ್ಸವದ ಭಾಷಣಗಳಲ್ಲಿ ಮುಚ್ಚಲ್ಪಡುವ ಮಾತು ಇದು. ಆದರೆ ಅದಕ್ಕೆ ಹೊಂದಿಯೇ ಬರುವ ಮಾತು ಇನ್ನೊಂದಿದೆ: ಅವಳು ಬಾಯಿತೆರೆದೊಡನೆ ಅವಳ ಸ್ಥಾನವು ತಿಳಿಯಿತು, ಕಂಠವು ಮಧುರವಾಗಿತ್ತು, ನುಡಿಯು ವಿವೇಕವುಳ್ಳದ್ದಾಗಿತ್ತು. ಹಗಲೆಲ್ಲ ಕೆಲಸವನ್ನು ನೋಡಿ, ರಾತ್ರಿಯಲ್ಲಿ ಬಹಳ ಹೊತ್ತು ನ್ಯಾಯವಿಚಾರಣೆ ಮಾಡುವಳೆಂಬುದನ್ನೂ ಅವನು ದಾಖಲಿಸಿದನು.

ಕಾನ್‌ಸ್ಟಾಂಟಿನೋಪಲಿನ ವರ್ಣನೆಯ ಕ್ರಮವನ್ನು ಇಲ್ಲಿ ನೆನೆಯಬೇಕು. ಅಲ್ಲಿ ಹೊರಗೆ ಚೆಲುವು, ಒಳಗೆ ಸಾಮಾನ್ಯ. ಇಲ್ಲಿ ಹೊರಗೆ ಸಾಮಾನ್ಯ, ಒಳಗೆ ರಾಜತ್ವ. ಸುಲ್ತಾನನ ನಗರವು ದೂರದಿಂದ ಮೆರೆದು ಹತ್ತಿರದಲ್ಲಿ ಕುಗ್ಗಿತು; ಮಣೇಲಿನ ರಾಣಿಯು ದೂರದಿಂದ ಕುಗ್ಗಿ ಹತ್ತಿರದಲ್ಲಿ ಹಿರಿದಾದಳು. ತೆಗಳಿಕೆಯ ವಾಕ್ಯವನ್ನು ತೆಗೆದುಹಾಕಿದರೆ ಈ ಏರಿಕೆಯೇ ಕಾಣದಂತಾಗುವುದು. ಮೆಚ್ಚುವೆನೆಂದು ಮೊದಲೇ ನಿಶ್ಚಯಿಸಿಕೊಂಡು ಬಂದವನ ಮೆಚ್ಚುಗೆಗೆ ಬೆಲೆಯಿಲ್ಲ. ಕಣ್ಣಿನ ಪೂರ್ವಗ್ರಹವು ಕಿವಿಯ ಅನುಭವಕ್ಕೆ ಸೋತು ಶರಣಾದುದನ್ನು ತಾನೇ ಒಪ್ಪಿಕೊಂಡವನ ಸಾಕ್ಷ್ಯಕ್ಕೆ ಬೆಲೆಯುಂಟು.

ರಾಣಿಯು ಕೇಳಿದ ಪ್ರಶ್ನೆಯೂ ಇಲ್ಲಿ ಮುಖ್ಯವಾದುದು. ಎಲ್ಲಿಂದ ಬಂದೆ, ಯಾವ ಯಾವ ಅರಸರನ್ನು ಕಂಡೆ ಎಂದು ಅವಳು ವಿಚಾರಿಸಿದಳು. ತುರ್ಕಿಯ ಸುಲ್ತಾನ, ಪಾರಸೀಕದ ಶಹ, ಮೊಗಲರ ಪಾದಶಹ, ವೆಂಕಟಪ್ಪ ನಾಯಕ ಇವರ ಆಸ್ಥಾನಗಳನ್ನು ಕಂಡು, ಈಗ ತಮ್ಮನ್ನು ಕಾಣಲು ಬಂದೆನೆಂದು ಇವನು ಅರಿಕೆಮಾಡಿದನು. ತನ್ನ ದೇಶದಲ್ಲಿಯೂ ಅವಳ ಹೆಸರು ಕೇಳಿಬಂದಿರುವುದೆಂದನು. ಭಾರತದ ಖಂಡವನ್ನು ಮಾತ್ರ ಓದಿದವನಿಗೆ ಇದು ಆಸ್ಥಾನೋಚಿತವಾದ ಮುಖಸ್ತುತಿಯೆಂದು ತೋರುವುದು. ಮೂರು ಖಂಡಗಳನ್ನೂ ಓದಿದವನಿಗೆ ಅದು ಒಂಬತ್ತು ವರ್ಷಗಳ ಪಯಣದ ಸಂಕ್ಷೇಪ. ಹೊಸ್ತಿಲ ಮೇಲಿಟ್ಟ ದೀಪವು ಒಳಗೂ ಹೊರಗೂ ಬೆಳಕು ಬೀರುವಂತೆ, ದೇಹಲೀದೀಪ ನ್ಯಾಯದಿಂದ, ಗದ್ದೆಯ ಬದಿಯಲ್ಲಿ ನಡೆದ ಈ ಪ್ರಶ್ನೋತ್ತರವು ಹಿಂದಣ ಕಾನ್‌ಸ್ಟಾಂಟಿನೋಪಲನ್ನೂ ಎದುರಿನ ಮಣೇಲನ್ನೂ ಒಮ್ಮೆಲೆ ಬೆಳಗುವುದು. ಪ್ರಶ್ನೆ ಕೇಳಿದವಳು ತುಳುನಾಡಿನ ಒಬ್ಬ ಸ್ತ್ರೀ. ಕೆಸರಿನ ಕಾಲಲ್ಲಿ ನಿಂತು ಲೋಕದ ಅರಸರ ಸುದ್ದಿಯನ್ನು ವಿಚಾರಿಸಿದಳು.

ಇನ್ನು ಗ್ರಂಥಕರ್ತನ ದೋಷಗಳನ್ನು ಹೇಳತಕ್ಕದ್ದು. ಕಾನ್‌ಸ್ಟಾಂಟಿನೋಪಲಿನಲ್ಲಿ ಅವನು ಒಂದು ವರ್ಷವಿದ್ದು ತುರ್ಕಿಯ ಭಾಷೆಯನ್ನು ಅಭ್ಯಾಸಮಾಡಿದನು. ಮುಂದೆ ಆ ಭಾಷೆಗೆ ವ್ಯಾಕರಣವನ್ನೂ ಬರೆದನು. ತುಳುನಾಡಿನಲ್ಲಿ ಅವನಿದ್ದುದು ಕೆಲವೇ ದಿನ. ಮಾತೆಲ್ಲ ದುಭಾಷಿಯ ಮೂಲಕ. ಈ ಭೇದವು ಬರಹದಲ್ಲಿ ಸ್ಪಷ್ಟವಾಗಿದೆ. ಅಲ್ಲಿ ಅವನು ಕಾರಣಗಳನ್ನು ಹೇಳುವನು; ಇಲ್ಲಿ ಹೆಚ್ಚಾಗಿ ನೋಟಗಳನ್ನು ಹೇಳುವನು. ನೈಯಾಯಿಕರ ರೀತಿಯಲ್ಲಿ ಪ್ರಮಾಣಗಳನ್ನು ವಿಂಗಡಿಸಿದರೆ ಅವನ ಬರಹದ ಬೆಲೆಯು ನಿರ್ಣಯವಾಗುವುದು. ಬರಿಗಾಲು, ಓಲೆಯ ಕೊಡೆ, ಕಂಠದ ಮಾಧುರ್ಯ ಇವು ಪ್ರತ್ಯಕ್ಷ, ಇವುಗಳನ್ನು ನಂಬಬೇಕು. ರಾಣಿಯು ಹಿರಿಯ ಮಗನಿಗೆ ವಿಷವಿಕ್ಕಿದಳೆಂಬುದು ಜನರ ಬಾಯಿಂದ ಕೇಳಿದ ಮಾತು. ಹೇಳಿದವರು ಆಪ್ತರೆಂಬುದಕ್ಕೆ ಪ್ರಮಾಣವಿಲ್ಲದುದರಿಂದ ಅದು ಶಬ್ದಪ್ರಮಾಣವೂ ಆಗಲಾರದು. ವೇಷವು ದೀನವಾದುದರಿಂದ ರಾಜ್ಯವೂ ದೀನವೆಂಬುದು ಅನುಮಾನ. ಇಲ್ಲಿ ಹೇತುವೇ ದುಷ್ಟವಾದುದು. ಒಂದು ಅಗುಳನ್ನು ಹಿಸುಕಿ ಅನ್ನವೆಲ್ಲ ಬೆಂದಿದೆಯೆನ್ನುವ ಸ್ಥಾಲೀಪುಲಾಕ ನ್ಯಾಯವು ಒಂದೇ ಪಾತ್ರೆಯ ಅನ್ನಕ್ಕೆ ಸಲ್ಲುವುದು. ರೋಮಿನ ಪಾತ್ರೆಯ ಅಗುಳಿನಿಂದ ತುಳುನಾಡಿನ ಅನ್ನವನ್ನು ಪರೀಕ್ಷಿಸುವುದು ಸಲ್ಲದು.

ಆ ಹೇತ್ವಾಭಾಸವನ್ನು ಬಿಡಿಸಲು ಪಂಡಿತರು ಬೇಕಾಗಿಲ್ಲ. ನೆರಿಯ ಹೊಳೆಯ ಬದಿಯ ಒಬ್ಬ ಕೃಷಿಕನು ಸಾಕು. ಅವನು ಆ ಪತ್ರದಲ್ಲಿ ಮೊದಲು ನೋಡುವುದು ತಿಂಗಳನ್ನು. ದಶಂಬರವೆಂದರೆ ಏಣೆಲಿನ ಕೊಯ್ಲು ಮುಗಿದು, ಸುಗ್ಗಿಯ ಬೆಳೆಗೆ ನೀರು ಒದಗಿಸಬೇಕಾದ ಕಾಲ. ಮಳೆಯು 120 ಅಂಗುಲಕ್ಕೂ ಮಿಕ್ಕಿ ಸುರಿದರೂ ಅದು ಕೆಲವೇ ತಿಂಗಳಲ್ಲಿ ಸುರಿದು ಕಡಲಿಗೆ ಹರಿದುಹೋಗುವ ಈ ಸೀಮೆಯಲ್ಲಿ, ಹೊಳೆಗೆ ಅಡ್ಡಲಾಗಿ ಕಲ್ಲು ಮಣ್ಣು ಸೊಪ್ಪುಗಳಿಂದ ಕಟ್ಟವನ್ನು ಕಟ್ಟಿ, ತೋಡನ್ನು ತೋಡಿ ಗದ್ದೆಗೆ ನೀರನ್ನು ತಿರುಗಿಸುವ ಕೆಲಸವು ಆ ದಿನಗಳಲ್ಲಿಯೇ ಆಗಬೇಕು. ಬೇಗನೆ ಕಟ್ಟಿದರೆ ಅಕಾಲದ ಮಳೆಗೆ ಒಡೆಯುವುದು. ತಡಮಾಡಿದರೆ ಹೊಳೆಯು ಬತ್ತುವುದು. ಮೇಲಿನವನು ನೀರನ್ನು ಹಿಡಿದರೆ ಕೆಳಗಿನವನಿಗೆ ಬರ. ಇವರ ಜಗಳವನ್ನು ತೀರಿಸಲು ಸ್ಥಳದಲ್ಲಿ ಅಧಿಕಾರಿಯು ಇರಲೇಬೇಕು. ಇದು ತಿಳಿದವನಿಗೆ ರಾಣಿಯು ಬರಿಗಾಲಲ್ಲಿ ಕಾಲುವೆಯ ಬಳಿಗೆ ನಡೆದುದರಲ್ಲಿ ಅಚ್ಚರಿಯಿಲ್ಲ. ಅವಳ ಸೈನ್ಯಕ್ಕೆ ಅನ್ನವು ಆ ಗದ್ದೆಗಳಿಂದ ಬರಬೇಕು. ಕಡಲಲ್ಲಿ ಪೋರ್ಚುಗೀಸರು ಕೊಳ್ಳಹೊರಟ ಅಕ್ಕಿಯೂ ಇಂಥ ಗದ್ದೆಗಳದೇ. ಹಗಲಿನ ಕಾಲುವೆಯೂ ರಾತ್ರಿಯ ನ್ಯಾಯಪೀಠವೂ ಎರಡು ಕಾರ್ಯಗಳಲ್ಲ, ಒಂದೇ ಕಾರ್ಯದ ಎರಡು ಮುಖಗಳು. ದೆಲ್ಲಾ ವಾಲ್ಲೆಯು ಎರಡನ್ನೂ ಕಂಡನು, ಎರಡನ್ನೂ ಬರೆದನು. ನಡುವಣ ಸಂಬಂಧವನ್ನು ಮಾತ್ರ ಕಾಣಲಿಲ್ಲ. ಅದನ್ನು ಕಾಣಲು ಅವನಿಗೆ ಭಾಷೆಯೂ ಇರಲಿಲ್ಲ, ಸಮಯವೂ ಇರಲಿಲ್ಲ.

ಆದುದರಿಂದ ಅವನ ಬರಹವನ್ನು ಪೂರ್ಣಗೊಳಿಸುವ ಭಾರವು ಇಲ್ಲಿಯ ಓದುಗರ ಮೇಲಿದೆ. ಕಂಡುದನ್ನು ಪ್ರಾಮಾಣಿಕವಾಗಿ ಹೇಳಿದ ಸಾಕ್ಷಿಯೊಬ್ಬನಿದ್ದಾನೆ; ಕಂಡುದರ ಅರ್ಥವನ್ನು ಬಲ್ಲ ಜನರಿದ್ದಾರೆ. ಇವರಿಬ್ಬರೂ ಕೂಡಿದಲ್ಲದೆ ಇತಿಹಾಸವಾಗದು. ರಾಣಿಯನ್ನು ಕುದುರೆಯ ಮೇಲೆ ಖಡ್ಗಪಾಣಿಯಾಗಿ ಕೂರಿಸಿದ ಪ್ರತಿಮೆಗಳಿಗೆ ಅವುಗಳದೇ ಆದ ಪ್ರಯೋಜನವಿರಬಹುದು. ಆದರೆ ಅವಳನ್ನು ಕಂಡವನು ಬರೆದಿಟ್ಟ ಚಿತ್ರವು ಓಲೆಕೊಡೆಯದು, ಕೆಸರಿನ ಕಾಲಿನದು, ಇನಿದಾದ ಕಂಠದ್ದು. ಆ ಚಿತ್ರವನ್ನು ನಾಚಿಕೆಯಿಂದ ಮರೆಸುವವರು ಅರಿಯದೆಯೇ ರೋಮಿನವನ ಮೊದಲ ನೋಟವನ್ನು ಒಪ್ಪಿಕೊಂಡಂತಾಗುವುದು; ಕೆಸರಿನ ಕಾಲು ಅಗೌರವವೆಂದು ಅವನು ಒಂದು ಕ್ಷಣ ಭ್ರಮಿಸಿದನು, ಇವರು ಅದನ್ನೇ ಕಾಯಂ ಮಾಡುವರು.

ಇಷ್ಟನ್ನು ಒಪ್ಪುವುದಾದರೆ ಮಾಡತಕ್ಕ ಕೆಲಸವು ಸ್ಪಷ್ಟ. ದೆಲ್ಲಾ ವಾಲ್ಲೆಯ ಪತ್ರಗಳಲ್ಲಿ ಕಾನ್‌ಸ್ಟಾಂಟಿನೋಪಲಿನವನ್ನೂ ಇಕ್ಕೇರಿಯವನ್ನೂ ಮಂಗಳೂರಿನವನ್ನೂ ಒಂದೇ ಹೊತ್ತಗೆಯಲ್ಲಿ, ಇಟಲಿಯ ಮೂಲದಿಂದ, ಸ್ಥಳೀಯರ ಟಿಪ್ಪಣಿಗಳೊಡನೆ ಕನ್ನಡಕ್ಕೆ ತರಬೇಕು. ಟಿಪ್ಪಣಿಕಾರರಲ್ಲಿ ಇತಿಹಾಸಜ್ಞರಿರುವಂತೆಯೇ ಕಟ್ಟವನ್ನು ಕಟ್ಟಬಲ್ಲವರೂ ಇರಬೇಕು. ಬೆಳ್ತಂಗಡಿ, ಬಂಟ್ವಾಳ, ಮೂಡಬಿದಿರೆಗಳ ಶಾಲೆಗಳಲ್ಲಿ ಮರಳಿನ ಮೇಲೆ ಲೆಕ್ಕ ಬರೆದ ಬಾಲಕರ ಪ್ರಸಂಗವೂ ಮಣೇಲಿನ ಪ್ರಸಂಗವೂ ಪಾಠಗಳಾಗಬೇಕು, ಯಾವ ವಾಕ್ಯವನ್ನೂ ಕತ್ತರಿಸದೆ. ನೆರಿಯದ ಬೆಟ್ಟಗಳಿಂದಿಳಿದ ನೀರು ನೇತ್ರಾವತಿಯನ್ನು ಸೇರಿ ಉಳ್ಳಾಲದ ಅಳಿವೆಯಲ್ಲಿ ಕಡಲನ್ನು ಹೊಗುವುದು. ಆ ನೀರನ್ನು ಹಿಡಿದು ಗದ್ದೆಗೆ ತಿರುಗಿಸುವ ಮನೆಗಳ ಮಕ್ಕಳಿಗೆ, ರಾಣಿಯು ಅಂದು ಎಲ್ಲಿಗೆ ಹೋಗುತ್ತಿದ್ದಳೆಂದೂ ಏಕೆ ಹೋಗುತ್ತಿದ್ದಳೆಂದೂ ವಿವರಿಸುವ ಅಗತ್ಯವೇ ಬೀಳದು.